ಮಡಚುವ ಮಾಡು

ಮನುಷ್ಯನಿಗೆ ತಲೆಯ ಮೇಲೊಂದು ಮಾಡು ಬೇಕು. ಮಾಡು ದೊರೆತ ಮರುದಿನದಿಂದಲೇ ಅದರ ಆಚೆಗಿರುವ ಆಕಾಶವೂ ಬೇಕೆನ್ನಿಸತೊಡಗುತ್ತದೆ. ಇದು ಇಂದು ನಿನ್ನೆಯ ಚಾಪಲ್ಯವೇನಲ್ಲ. ಬೇಸಗೆಯ ರಾತ್ರಿ ಚಾಪೆ ಸುತ್ತಿಕೊಂಡು ಅಂಗಳಕ್ಕೆ ಬಂದು ಮಲಗುತ್ತಿದ್ದ ನಮ್ಮ ಹಿರಿಯರಿಗೂ, ಚಾಳಿನ ಖೋಲಿಯ ಧಗೆ ತಾಳಲಾರದೆ ಗಚ್ಚಿಯ ಮೇಲೆ ಹಾಸಿಗೆ ಬಿಡಿಸುತ್ತಿದ್ದ ಮುಂಬಯಿಯ ಗಿರಣಿ ಕೆಲಸಗಾರರಿಗೂ ಇದ್ದ ಆಸೆಯೇ ಇದು. ನಡುರಾತ್ರಿ ನಾಲ್ಕು ಹನಿ ಬಿದ್ದರೆ ಹಾಸಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಓಡುವುದೂ ಇದ್ದದ್ದೇ. ಆಕಾಶಕ್ಕೂ ಮಾಡಿಗೂ ನಡುವೆ ಓಡಾಡುತ್ತಿದ್ದವರು ಮನುಷ್ಯರು; ಮಾಡು ಇದ್ದಲ್ಲೇ ಇರುತ್ತಿತ್ತು.

ಮಾಡೇ ಓಡಾಡುವಂತಾದರೆ ಹೇಗೆ? ಮೋಟಾರು ಕಾರುಗಳಲ್ಲಿ ಅಂಥದೊಂದು ಜಾತಿಯಿದೆ. ನೆಲಕ್ಕೆ ಅಂಟಿದಂತಿರುವ, ಸಾಮಾನ್ಯವಾಗಿ ಇಬ್ಬರಿಗೇ ಆಸನವಿರುವ ಸ್ಪೋರ್ಟ್ಸ್ ಕಾರು. ಒಳಗಿನ ಗುಂಡಿಯೊಂದನ್ನು ಒತ್ತಿ ಹಿಡಿದರೆ ಹಿಂಬದಿಯ ಡಿಕ್ಕಿಯ ಮುಚ್ಚಳ ಮೇಲೇಳುತ್ತದೆ. ತಲೆಯ ಮೇಲಿನ ಲೋಹದ ಮಾಡು ಎರಡಾಗಿಯೋ ಮೂರಾಗಿಯೋ ಮಡಚಿಕೊಂಡು, ಒಂದರ ಮೇಲೊಂದು ಕುಳಿತು, ಡಿಕ್ಕಿಯೊಳಗೆ ಇಳಿದು ಮಲಗುತ್ತದೆ. ಮುಚ್ಚಳ ಮತ್ತೆ ಮುಚ್ಚಿಕೊಳ್ಳುತ್ತದೆ. ಇಷ್ಟಕ್ಕೂ ಹಿಡಿಯುವ ಸಮಯ ಹದಿನೈದು ಇಪ್ಪತ್ತು ಸೆಕೆಂಡು. ಈಗಷ್ಟೇ ನಾಲ್ಕೂ ಕಡೆ ಮುಚ್ಚಿದ ಕಾರಾಗಿದ್ದುದು ಈಗ ತೆರೆದ ರಥ! ಇದನ್ನು ರಿಟ್ರ್ಯಾಕ್ಟೆಬಲ್ ಹಾರ್ಡ್‌ಟಾಪ್ ಎನ್ನುತ್ತಾರೆ. ಬಟ್ಟೆಯ ಮಾಡನ್ನು ಹಿಂದಕ್ಕೆ ಮಡಚುವ ಕಾರುಗಳು ಕಾರು ಹುಟ್ಟಿದಾಗಿನಿಂದ ಇವೆ. ನಮ್ಮ ಮುಂಬಯಿಯ ವಿಕ್ಟೋರಿಯಾ ಗಾಡಿಗಳಿಗೂ ಅಂಥ ಮಾಡೇ ಇತ್ತು. ೨೦೧೫ರಲ್ಲಿ ಹೈಕೋರ್ಟಿನ ತೀರ್ಪಿನಿಂದ ಆ ಗಾಡಿಗಳ ಕಾಲ ಮುಗಿಯಿತು. ನಾನು ಹೇಳಹೊರಟಿರುವುದು ಬಟ್ಟೆಯದಲ್ಲ, ಗಟ್ಟಿ ತಗಡಿನ ಮಾಡು.

ನಮ್ಮ ಮಾಸಿಕದಲ್ಲಿ ಈ ಶ್ರೀಮಂತರ ಆಟಿಕೆಯ ವಿಷಯವೇಕೆ ಎಂದು ಓದುಗರು ಹುಬ್ಬೇರಿಸಬಹುದು. ನಾನಾದರೋ ಜೀವಮಾನದಲ್ಲಿ ಓಡಿಸಿದ್ದು ಒಂದು ಸ್ಕೂಟರು, ಅನಂತರ ಒಂದು ಪ್ರೀಮಿಯರ್ ಪದ್ಮಿನಿ. ಅದರ ಮಾಡು ಮಡಚುತ್ತಿರಲಿಲ್ಲ, ಸೋರುತ್ತಿತ್ತು. ಆದರೆ ಜರ್ಮನಿಯಲ್ಲಿ ಇಂಜಿನಿಯರಾಗಿರುವ ನನ್ನ ಸೋದರಳಿಯ ಇಂಥದೊಂದು ಹಳೆಯ ಕಾರನ್ನು ಕೊಳ್ಳಲೋ ಬೇಡವೋ ಎಂಬ ಡೋಲಾಯಮಾನ ಸ್ಥಿತಿಯಲ್ಲಿದ್ದಾನೆ. "ಮಾವ, ತಗಡಿನ ಮಾಡಿನದೋ ಬಟ್ಟೆಯ ಮಾಡಿನದೋ? ನಿಮ್ಮ ತತ್ತ್ವಶಾಸ್ತ್ರ ಏನು ಹೇಳುತ್ತದೆ?" ಎಂದು ಫೋನಿನಲ್ಲಿ ಕೇಳಿದ. ಅವನು ಕೇಳಿದ್ದು ತಮಾಷೆಗೆ. ನನಗೆ ಮಾತ್ರ ಯೋಚಿಸಿದಷ್ಟೂ ಇದು ಬರಿಯ ಕಾರಿನ ಪ್ರಶ್ನೆಯಲ್ಲವೆನ್ನಿಸಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದಲ್ಲಿ, ಆರಿಸದೆ ಎರಡನ್ನೂ ಇಟ್ಟುಕೊಳ್ಳುವುದು ಸರಿಯೆ? ಸರಿಯಾದರೆ ಅದರ ಬೆಲೆಯನ್ನು ಕೊಡುವವರು ಯಾರು?

ಮೊದಲು ಈ ಮಾಡಿನ ವಂಶಾವಳಿಯನ್ನು ಸ್ವಲ್ಪ ನೋಡೋಣ. ಇದನ್ನು ಬಳಕೆಗೆ ತಂದ ಕೀರ್ತಿ ಜಾರ್ಜ್ ಪೋಲಾಂ ಎಂಬ ಫ್ರೆಂಚ್ ಮಹನೀಯನದು. ಆತ ವೃತ್ತಿಯಿಂದ ದಂತವೈದ್ಯ. ಕಾರಿನ ಮೈಕಟ್ಟು ರೂಪಿಸುವುದು ಹವ್ಯಾಸ. ತೆರೆದು ಮುಚ್ಚುವ ಬಾಯಿಯನ್ನೇ ದಿನವಿಡೀ ನೋಡುತ್ತಿದ್ದವನಿಗೆ ಡಿಕ್ಕಿಯೂ ಬಾಯಿಯಂತೆ ಕಂಡಿತೋ ಏನೋ! ೧೯೩೦ರ ದಶಕದ ಆರಂಭದಲ್ಲಿ ಆತ ಪೇಟೆಂಟು ಪಡೆದ. ದಶಕದ ನಡುವಿನಲ್ಲಿ ಪೆಷೋ ಕಂಪನಿ ಆತನ ವಿಧಾನದ ಕಾರುಗಳನ್ನು ಮಾರುಕಟ್ಟೆಗೆ ತಂದಿತು. ಅವಕ್ಕಿಟ್ಟ ಹೆಸರು ಎಕ್ಲಿಪ್ಸ್, ಅಂದರೆ ಗ್ರಹಣ. ಸೂರ್ಯನನ್ನು ಕಾಣಿಸುವ ಕಾರಿಗೆ ಗ್ರಹಣವೆಂಬ ಹೆಸರು! ಮಾಡು ಮರೆಯಾಗುವುದೇ ಅವರಿಗೆ ಗ್ರಹಣವಾಗಿ ಕಂಡಿರಬೇಕು. ಮೊದಲು ವಿದ್ಯುತ್ತಿನಿಂದ ಮಡಚುತ್ತಿದ್ದ ಆ ಮಾಡನ್ನು ೧೯೩೬ರಲ್ಲಿ ಪೆಷೋದವರು ಕೈಯಿಂದ ಮಡಚುವಂತೆ ಬದಲಾಯಿಸಿದರು.

ಆಮೇಲೆ ಅಮೆರಿಕದ ಸರದಿ. ಫೋರ್ಡ್ ಕಂಪನಿ ೧೯೫೭ರಿಂದ ೧೯೫೯ರವರೆಗೆ ಸ್ಕೈಲೈನರ್ ಎಂಬ ಕಾರನ್ನು ತಯಾರಿಸಿತು. ಇದು ಸ್ಪೋರ್ಟ್ಸ್ ಕಾರಲ್ಲ, ಹಡಗಿನಷ್ಟು ಉದ್ದದ ಸಂಸಾರವಂದಿಗರ ಕಾರು. ಕಂಪ್ಯೂಟರು ಕಾರಿನೊಳಕ್ಕೆ ಬರದಿದ್ದ ಆ ಕಾಲದಲ್ಲಿ ಮಾಡನ್ನು ಮಡಚಲು ಅವರು ಹೂಡಿದ ಹೂಟವನ್ನು ಓದಿದರೆ ತಲೆ ತಿರುಗುತ್ತದೆ: ಸುಮಾರು ೬೦೦ ಅಡಿ ತಂತಿ, ಹತ್ತು ರಿಲೇಗಳು, ಹತ್ತು ಮಿತಿ ಸ್ವಿಚ್ಚುಗಳು, ಹಲವು ಮೋಟಾರುಗಳು. ಒಂದು ಸ್ವಿಚ್ಚು "ನನ್ನ ಕೆಲಸ ಮುಗಿಯಿತು" ಎಂದ ಮೇಲೆಯೇ ಮುಂದಿನ ಮೋಟಾರು ಅಲುಗುವುದು. ಮಾಡು ಡಿಕ್ಕಿಯೊಳಗೆ ಕುಳಿತರೆ ಸಾಮಾನಿಗೆ ಉಳಿಯುತ್ತಿದ್ದುದು ನಡುವೆ ಇರಿಸಿದ ಒಂದು ಸಣ್ಣ ತೊಟ್ಟಿಯಷ್ಟು ಜಾಗ. ಮೂರು ವರ್ಷಗಳಲ್ಲಿ ೪೮,೩೯೪ ಕಾರುಗಳು ತಯಾರಾದವು. ಮೊದಲ ವರ್ಷ ಇಪ್ಪತ್ತು ಸಾವಿರಕ್ಕೂ ಮೇಲೆ. ಮೂರನೆಯ ವರ್ಷ ಹದಿಮೂರು ಸಾವಿರಕ್ಕೂ ಕಡಿಮೆ. ಅಲ್ಲಿಗೆ ನಿಲ್ಲಿಸಿದರು.

ದೊಡ್ಡ ಪ್ರಮಾಣದಲ್ಲಿ ಈ ಮಾಡು ಮತ್ತೆ ಬಂದದ್ದು ೧೯೯೬ರಲ್ಲಿ, ಮರ್ಸಿಡಿಸ್ ಬೆಂಜ್ ಕಂಪನಿಯ ಎಸ್.ಎಲ್.ಕೆ. ಕಾರಿನೊಡನೆ. ಇಪ್ಪತ್ತೈದು ಸೆಕೆಂಡಿನಲ್ಲಿ ಮಾಡು ಮಾಯ. ಎಲ್ಲರಿಗೂ ಹುಚ್ಚು ಹಿಡಿಯಿತು. ೨೦೦೦ದಲ್ಲಿ ಪೆಷೋ ಸಣ್ಣ ೨೦೬ ಕಾರಿಗೂ ಇದನ್ನು ತಂದಿತು; ೨೦೦೧ರಲ್ಲಿ ಮರ್ಸಿಡಿಸ್‌ನ ದೊಡ್ಡ ಎಸ್.ಎಲ್., ೨೦೦೬ರಲ್ಲಿ ಜಪಾನಿನ ಮಾಜ್ದಾ ಎಂ.ಎಕ್ಸ್.-೫, ೨೦೦೮ರಲ್ಲಿ ಫೆರಾರಿ ಕ್ಯಾಲಿಫೋರ್ನಿಯಾ, ೨೦೦೯ರಲ್ಲಿ ಬಿ.ಎಂ.ಡಬ್ಲ್ಯು. ಝಡ್-೪. ಇನ್ನು ಬಟ್ಟೆಯ ಮಾಡಿಗೆ ಉಳಿಗಾಲವಿಲ್ಲ ಎಂದು ತಿಳಿದವರೇ ಹೆಚ್ಚು.

ಆದದ್ದೇ ಬೇರೆ. ೨೦೧೮ರಲ್ಲಿ ಬಂದ ಹೊಸ ಝಡ್-೪ ತಗಡಿನ ಮಾಡನ್ನು ಬಿಟ್ಟು ಬಟ್ಟೆಗೆ ಮರಳಿತು. ಎಸ್.ಎಲ್.ಕೆ.ಯ ಸಂತತಿ ೨೦೨೦ರಲ್ಲಿ ನಿಂತೇಹೋಯಿತು. ಇಪ್ಪತ್ತು ವರ್ಷ ತಗಡಿನ ಮಾಡು ಹೊತ್ತ ಎಸ್.ಎಲ್. ೨೦೨೧ರಲ್ಲಿ ಬಟ್ಟೆಯ ಮಾಡು ಹಾಕಿಕೊಂಡು ಬಂತು. ಅದರಿಂದ ೨೧ ಕಿಲೋ ಭಾರ ಇಳಿಯಿತಂತೆ. ೨೦೨೩ರಲ್ಲಿ ಫೆರಾರಿಯೂ ತನ್ನ ರೋಮಾ ಸ್ಪೈಡರ್ ಕಾರಿಗೆ ಬಟ್ಟೆಯನ್ನೇ ಹೊದಿಸಿತು. ಎರಡನ್ನೂ ಕೊಡಬಲ್ಲ ವಿದ್ಯೆ ಕೈಗೆ ಬಂದಮೇಲೂ ಬುದ್ಧಿವಂತರಾದ ಈ ಜನ ಹಿಂದಕ್ಕೆ ಹೋದದ್ದೇಕೆ?

ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಗುಣಗಳು ಸಣ್ಣವಲ್ಲ. ತಗಡಿನ ಮಾಡು ಮುಚ್ಚಿಕೊಂಡರೆ ಕಾರಿನೊಳಗೆ ಮೌನ. ಪಕ್ಕದವರೊಡನೆ ಮೆಲುದನಿಯಲ್ಲಿ ಮಾತಾಡಬಹುದು. ಬೀದಿಯಲ್ಲಿ ನಿಲ್ಲಿಸಿದ ಕಾರಿನ ಬಟ್ಟೆಯ ಮಾಡನ್ನು ಕಳ್ಳ ಚಾಕುವಿನಿಂದ ಸೀಳಬಹುದು, ತಗಡನ್ನು ಸೀಳಲಾರ. ಹಿಮ ಬೀಳುವ ದೇಶದಲ್ಲಿ ಚಳಿಗಾಲ ಬೆಚ್ಚಗೆ ಕಳೆಯುತ್ತದೆ. ಹಿಂದಿನ ಗಾಜು ದೊಡ್ಡದು, ನೋಟ ವಿಶಾಲ. ಬಟ್ಟೆ ಮಾಸುತ್ತದೆ, ಹರಿಯುತ್ತದೆ, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದೀತು. ತಗಡಿಗೆ ಆ ರಗಳೆಯಿಲ್ಲ. ಒಂದೇ ಕಾರು ಇಟ್ಟುಕೊಳ್ಳಬಲ್ಲವನಿಗೆ ಎರಡು ಕಾರು ದೊರೆತಂತೆ.

ದೋಷಗಳೆಲ್ಲ ಒಂದೇ ಮೂಲದಿಂದ ಹುಟ್ಟುತ್ತವೆ. ಮಾಡು ಮಾಯವಾಗುವುದಿಲ್ಲ. ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ತೆರೆದ ಕಾರಿನಲ್ಲಿ ಗಾಳಿಗೆ ಮುಖವೊಡ್ಡಿ ಹೋಗುತ್ತಿರುವವನ ಬೆನ್ನ ಹಿಂದೆ ಇಡೀ ಮಾಡು ಮಡಚಿಕೊಂಡು ಕುಳಿತೇ ಇರುತ್ತದೆ. ಅದರ ಜೊತೆಗೆ ಅದನ್ನು ಎತ್ತಿಳಿಸುವ ಪಂಪು, ಸಿಲಿಂಡರು, ತೋಳುಗಳು. ೨೦೦೯ರ ಝಡ್-೪ ಕಾರಿನ ಲೆಕ್ಕ ನೋಡಿ: ಮಾಡು ಮೇಲಿದ್ದಾಗ ಡಿಕ್ಕಿಯಲ್ಲಿ ೩೧೦ ಲೀಟರು ಜಾಗ, ಕೆಳಗಿಳಿದಾಗ ೧೮೦. ಬಟ್ಟೆಗೆ ಮರಳಿದ ಹೊಸ ಝಡ್-೪ರಲ್ಲಿ ಮಾಡು ಎಲ್ಲಿದ್ದರೂ ೨೮೧ ಲೀಟರೇ. ಹಳೆಯದಕ್ಕೆ ಮಡಚಲು ಇಪ್ಪತ್ತು ಸೆಕೆಂಡು, ಹೊಸದಕ್ಕೆ ಹತ್ತು. ಹಲವು ಕಾರುಗಳ ಡಿಕ್ಕಿಯೊಳಗೆ ಒಂದು ಪರದೆಯಿರುತ್ತದೆ. ಸಾಮಾನು ಆ ಪರದೆಯ ಕೆಳಗೇ ಇರಬೇಕು, ಪರದೆ ತನ್ನ ಜಾಗದಲ್ಲಿ ಸಿಕ್ಕಿಕೊಂಡಿರಬೇಕು. ಇಲ್ಲವಾದರೆ ಮಾಡು ಅಲುಗುವುದಿಲ್ಲ. ಅಂದರೆ ಗಂಡ ಹೆಂಡತಿ ಎರಡು ಪೆಟ್ಟಿಗೆ ತುಂಬಿಕೊಂಡು ಬೆಟ್ಟದ ಊರಿಗೆ ಹೊರಟರೆ, ಯಾವ ಆಕಾಶಕ್ಕಾಗಿ ಕಾರು ಕೊಂಡರೋ ಆ ಆಕಾಶವನ್ನು ದಾರಿಯುದ್ದಕ್ಕೂ ಮುಚ್ಚಿಕೊಂಡೇ ಹೋಗಬೇಕು.

ಭಾರದ ಮಾತು ಇನ್ನೊಂದು. ಸ್ಪೋರ್ಟ್ಸ್ ಕಾರಿನ ಜೀವ ಹಗುರದಲ್ಲಿದೆ. ಎತ್ತರದಲ್ಲಿ, ಹಿಂಬದಿಯಲ್ಲಿ ಭಾರ ಹೆಚ್ಚಿದರೆ ತಿರುವುಗಳಲ್ಲಿ ಅದರ ಚುರುಕು ಕುಂದುತ್ತದೆ. ಹಿಂಭಾಗ ಮಾಡನ್ನು ನುಂಗುವಷ್ಟು ಎತ್ತರವಾಗಬೇಕಾಗಿ, ಎಷ್ಟೋ ಕಾರುಗಳ ರೂಪವೂ ಕೆಟ್ಟಿದೆ. ಗಬ್ಬವಾದ ಆಡಿನಂತೆ ಕಾಣುವ ಒಂದೆರಡನ್ನು ನಾನೇ ಚಿತ್ರದಲ್ಲಿ ನೋಡಿದ್ದೇನೆ. ಕ್ಯಾಬ್ರಿಯೊಲೆ ಎಂದು ತೆರೆದ ಗಾಡಿಗಳಿಗೆ ಫ್ರೆಂಚರು ಇಟ್ಟ ಹೆಸರಿನ ಮೂಲದಲ್ಲಿ ಆಡಿನ ಜಿಗಿತವೇ ಇದೆಯಾದರೂ ಅವರ ಮನಸ್ಸಿನಲ್ಲಿದ್ದುದು ಖಂಡಿತ ಈ ಆಡಲ್ಲ.

ಇಂಜಿನಿಯರರ ಜಾಣ್ಮೆಯನ್ನು ಅಲ್ಲಗಳೆಯುವಂತಿಲ್ಲ. ೨೦೦೬ರ ಮಾಜ್ದಾದಲ್ಲಿ ಮಾಡು ಆಸನದ ಹಿಂದಿನ ಕುಳಿಯಲ್ಲೇ ಅಡಗುವಂತೆ ಮಾಡಿ ಡಿಕ್ಕಿಯ ಜಾಗವನ್ನು ಹಾಗೇ ಉಳಿಸಿದರು. ಭಾರ ಹೆಚ್ಚಿದ್ದು ಸುಮಾರು ೩೭ ಕಿಲೋ ಮಾತ್ರ, ಮಡಚಲು ಹನ್ನೆರಡು ಸೆಕೆಂಡು. ೨೦೧೧ರ ಫೆರಾರಿ ೪೫೮ ಸ್ಪೈಡರ್‌ನ ಅಲ್ಯೂಮಿನಿಯಮ್ ಮಾಡು ಬಟ್ಟೆಯ ಮಾಡಿಗಿಂತಲೂ ೨೫ ಕಿಲೋ ಹಗುರವೆಂದು ತಯಾರಕರೇ ಹೇಳಿದರು. ಆದ್ದರಿಂದ 'ಎರಡನ್ನೂ ಬಯಸಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ' ಎಂದು ಗಾದೆ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಬುದ್ಧಿ, ಹಣ, ಶ್ರಮ ಸುರಿದರೆ ಬೆಲೆ ಇಳಿಯುತ್ತದೆ. ಪೂರ್ತಿ ಇಲ್ಲವಾಗುತ್ತದೆಯೆ? ಇಲ್ಲ, ಅದು ಜಾಗ ಬದಲಿಸುತ್ತದೆ. ಡಿಕ್ಕಿಯಿಂದ ಹೊರಬಿದ್ದದ್ದು ಕೊಳ್ಳುವವನ ಜೇಬಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೊಸದರಲ್ಲಿ ಕಾಣದ್ದು ಹತ್ತು ಹದಿನೈದು ವರ್ಷಗಳ ಮೇಲೆ ಹಳೆಯ ಕಾರು ಕೊಂಡವನ ಪಾಲಿಗೆ ಬರುತ್ತದೆ: ಎಣ್ಣೆ ಜಿನುಗುವ ಸಿಲಿಂಡರು, ಮಡಚಿ ಬಿಚ್ಚಿ ತುಂಡಾದ ತಂತಿ, ಸುಳ್ಳು ಹೇಳುವ ಸ್ವಿಚ್ಚು.

ಇಲ್ಲಿ ನನಗೆ ನೆನಪಾಗುವವನು ಹಿರಣ್ಯಕಶಿಪು. ನಮ್ಮ ಯಕ್ಷಗಾನ ಬಯಲಾಟಗಳಲ್ಲಿ ಅವನು ಗದೆ ಬೀಸಿ ಕಂಬ ಒಡೆಯುವುದನ್ನು ಕಂಡವರು ಅವನನ್ನು ಬರಿಯ ಅಹಂಕಾರಿ ಎಂದು ತಿಳಿದಿರುತ್ತಾರೆ. ಅವನು ಕೇಳಿದ ವರವನ್ನು ಸಾವಧಾನವಾಗಿ ನೋಡಿದರೆ ಒಬ್ಬ ನುರಿತ ವಕೀಲ ಕಾಣುತ್ತಾನೆ. ಹಗಲೂ ಬೇಡ ಇರುಳೂ ಬೇಡ, ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನಿಂದಲೂ ಅಲ್ಲ ಮೃಗದಿಂದಲೂ ಅಲ್ಲ. ಎರಡರಲ್ಲಿ ಯಾವುದೊಂದನ್ನೂ ಅವನು ಅಪಾಯಕ್ಕೆ ಬಿಟ್ಟುಕೊಡಲಿಲ್ಲ. ಎಲ್ಲ ಜೋಡಿಗಳನ್ನೂ ಎರಡೂ ಕಡೆಯಿಂದ ಭದ್ರಪಡಿಸಿದ. ಉಳಿದದ್ದು ಹೊಸ್ತಿಲು, ಮುಸ್ಸಂಜೆ. ಮಡಚುವ ಮಾಡಿಗೂ ಇಂಥದೊಂದು ಹೊಸ್ತಿಲಿದೆ. ಮುಚ್ಚಿದ್ದಾಗ ಅದು ಭದ್ರ, ತೆರೆದಿದ್ದಾಗಲೂ ಭದ್ರ. ಆದರೆ ಅರ್ಧ ಎದ್ದು ನಿಂತುಬಿಟ್ಟರೆ? ಡಿಕ್ಕಿಯ ಮುಚ್ಚಳ ಆಕಾಶಕ್ಕೆ, ಮಾಡು ತ್ರಿಶಂಕುವಿನಂತೆ ನಡುವೆ, ಮೇಲೆ ಮೋಡ. ಕಾರು ಓಡಿಸುವಂತಿಲ್ಲ, ಬಿಟ್ಟುಹೋಗುವಂತಿಲ್ಲ. ಎರಡು ಸ್ಥಿತಿಗಳನ್ನು ಹೊಂದಿದ ವಸ್ತು ಕೆಡುವುದು ಹೆಚ್ಚಾಗಿ ಆ ಎರಡರ ನಡುವಿನ ಸಂಕ್ರಮಣದಲ್ಲಿಯೇ. ಸ್ಥಿರವಾದ ಮಾಡಿಗೆ ಆ ಮುಹೂರ್ತವೇ ಇಲ್ಲ.

ಸೋದರಳಿಯ ಬಿಡುವವನಲ್ಲ. "ಮಾವ, ನೀವು ಛತ್ರಿ ಮಡಚುವುದಿಲ್ಲವೆ? ಅದೂ ಮಡಚುವ ಮಾಡೇ ಅಲ್ಲವೆ?" ಎಂದ. ಒಳ್ಳೆಯ ಪ್ರಶ್ನೆ. ಛತ್ರಿಯನ್ನು ಯಾರೂ ನೈತಿಕ ದೌರ್ಬಲ್ಯ ಎನ್ನುವುದಿಲ್ಲ. ನೇಜಿ ನೆಡುವವರು ಬೆನ್ನ ಮೇಲೆ ಕವುಚಿಕೊಳ್ಳುವ ಗೊರಬು, ರೈತನ ಕಂಬಳಿಕೊಪ್ಪೆ, ಇವೆಲ್ಲ ಬೇಕಾದಾಗ ಹೊದ್ದು ಬೇಡವಾದಾಗ ತೆಗೆದಿಡುವಂಥವೇ. ಹಾಗಾದರೆ ತಗಡಿನ ಮಾಡಿನ ಮೇಲೆ ಮಾತ್ರ ಏಕೆ ಕಣ್ಣು?

ವ್ಯತ್ಯಾಸ ಇದೆ ಎಂದೇ ನನ್ನ ಎಣಿಕೆ. ಕಂಬಳಿ ಹೊದ್ದವನು ತಾನು ಮನೆಯೊಳಗೆ ಇದ್ದೇನೆಂದು ಭಾವಿಸುವುದಿಲ್ಲ. ಕಾಲು ನೆನೆಯುತ್ತದೆ, ಮೀಸೆಯ ತುದಿಯಲ್ಲಿ ಹನಿ ತೂಗುತ್ತದೆ. ಮಳೆಯಲ್ಲಿರುವುದನ್ನು ಒಪ್ಪಿಕೊಂಡೇ ಅಷ್ಟಿಷ್ಟು ರಕ್ಷಣೆ ಪಡೆಯುತ್ತಾನೆ. ಬಟ್ಟೆಯ ಮಾಡಿನ ಕಾರೂ ಹೀಗೆಯೇ. ಅದು ತೆರೆದ ಕಾರು. ಮಳೆ ಬಂದಾಗ ಸ್ವಲ್ಪ ಹೊತ್ತು ಮುಸುಕು ಹಾಕಿಕೊಳ್ಳುತ್ತದೆ. ಹನಿಗಳ ಸದ್ದು ತಲೆಯ ಮೇಲೆ ಕೇಳುತ್ತಿರುತ್ತದೆ. ತಗಡಿನ ಮಾಡಿನ ಕಾರು ಇಷ್ಟಕ್ಕೆ ಒಪ್ಪುವುದಿಲ್ಲ. ಮುಚ್ಚಿದಾಗ ತಾನು ತೆರೆಯುವ ಕಾರೆಂಬ ಸುಳಿವೇ ಇರಬಾರದು, ತೆರೆದಾಗ ಮಾಡೆಂಬುದು ಎಂದಾದರೂ ಇತ್ತೆಂಬ ಗುರುತೇ ಇರಬಾರದು. ಎರಡೂ ಬೇಕೆನ್ನುವುದು ಸಹಜ ಆಸೆ. ಒಂದು ಇರುವಾಗ ಇನ್ನೊಂದರ ಕೊರತೆಯ ನೆರಳೂ ಬೀಳಬಾರದೆನ್ನುವುದು ಬೇರೆಯೇ ಆಸೆ. ಹಿಂದಿನವರಾದರೆ ಇದನ್ನೆಲ್ಲ ಕಠೋಪನಿಷತ್ತಿನ ಪ್ರೇಯಸ್ಸಿನ ಖಾತೆಗೆ ಬರೆದು ಲೆಕ್ಕ ಮುಗಿಸುತ್ತಿದ್ದರು. ಅಷ್ಟು ಸುಲಭವಲ್ಲ, ಇಲ್ಲಿ ಬಟ್ಟೆಯೂ ಪ್ರೇಯಸ್ಸೇ, ತಗಡೂ ಪ್ರೇಯಸ್ಸೇ.

ನಮ್ಮ ಮಲೆನಾಡಿನ, ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಗಳು ಇದೇ ಆಸೆಗೆ ಇನ್ನೊಂದು ಬಗೆಯ ಉತ್ತರ ಕೊಟ್ಟಿದ್ದವು. ನಾಲ್ಕು ಸುತ್ತಲೂ ಮಾಡು, ನಡುವೆ ಒಂದು ತುಂಡು ಆಕಾಶ. ಮಳೆ ಬಂದರೆ ತೊಟ್ಟಿಯೊಳಗೇ ಸುರಿಯುತ್ತದೆ, ನೀರು ತೂಬಿನಲ್ಲಿ ಹರಿದುಹೋಗುತ್ತದೆ. ಜಗಲಿಯ ಮೇಲೆ ಕುಳಿತ ಅಜ್ಜಿ ಬತ್ತಿ ಹೊಸೆಯುತ್ತ ಮಳೆ ನೋಡುತ್ತಾಳೆ. ಏನನ್ನೂ ತೆರೆಯಬೇಕಿಲ್ಲ, ಮುಚ್ಚಬೇಕಿಲ್ಲ. ಆದರೆ ಮನೆಯ ನಡುವಿನ ಅಷ್ಟು ಜಾಗವನ್ನು ಶಾಶ್ವತವಾಗಿ ಮಳೆಗೆ, ಬಿಸಿಲಿಗೆ ಬಿಟ್ಟುಕೊಟ್ಟದ್ದಾಯಿತು. ಇನ್ನೊಂದು ಕೋಣೆ ಕಟ್ಟಬಹುದಾಗಿತ್ತು, ಕಟ್ಟಲಿಲ್ಲ. ಬೆಲೆ ಎಲ್ಲರ ಕಣ್ಣಮುಂದೆಯೇ ಬಿದ್ದಿರುತ್ತದೆ, ಯಾವ ಡಿಕ್ಕಿಯೊಳಗೂ ಅಡಗಿ ಕೂರುವುದಿಲ್ಲ. ನನಗೆ ಈ ವಿಧಾನ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಓಡುವ ಕಾರಿಗೆ ತೊಟ್ಟಿ ತೋಡಲು ಬರುವುದಿಲ್ಲವೆಂಬುದು ನಿಜ.

ಬದಲಾಯಿಸಬಲ್ಲ ಆಯ್ಕೆ ನಿಜವಾಗಿಯೂ ಸುಖ ಕೊಡುತ್ತದೆಯೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಹಾರ್ವರ್ಡಿನ ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಛಾಯಾಚಿತ್ರಣ ಕಲಿಯಲು ಬಂದ ವಿದ್ಯಾರ್ಥಿಗಳು ತಾವೇ ತೆಗೆದ ಚಿತ್ರಗಳಲ್ಲಿ ಮೆಚ್ಚಿನ ಎರಡನ್ನು ಅಚ್ಚು ಹಾಕಿಕೊಂಡರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಒಪ್ಪಿಸಬೇಕು. ಕೆಲವರಿಗೆ, ಈಗ ಆರಿಸಿದ್ದೇ ಕೊನೆ ಎಂದು ಹೇಳಿದರು. ಉಳಿದವರಿಗೆ, ಕೆಲವು ದಿನಗಳೊಳಗೆ ಬದಲಾಯಿಸಿಕೊಳ್ಳಬಹುದು ಎಂದರು. ಬದಲಾಯಿಸುವ ಅವಕಾಶವಿದ್ದವರೇ ತಮ್ಮ ಚಿತ್ರವನ್ನು ಕಡಿಮೆ ಮೆಚ್ಚಿದರು. ಸೋಜಿಗವೆಂದರೆ, ಯಾವ ಏರ್ಪಾಡು ಬೇಕೆಂದು ಕೇಳಿದಾಗ ಹೆಚ್ಚಿನವರು ಬಯಸಿದ್ದು ಬದಲಾಯಿಸುವ ಅವಕಾಶವನ್ನೇ. ಬಾಗಿಲು ಮುಚ್ಚಿದ ಮೇಲೆ ಮನಸ್ಸು ಇರುವುದನ್ನು ಪ್ರೀತಿಸಲು ಕಲಿಯುತ್ತದೆ. ಬಾಗಿಲು ತೆರೆದಿರುವವರೆಗೆ ತೂಗುತ್ತಲೇ ಇರುತ್ತದೆ. ಎಳೆ ಬಿಸಿಲಿನಲ್ಲಿ ಮಾಡು ತೆರೆದು ಹೊರಟವನು ಸ್ವಲ್ಪ ಮೋಡ ಕಂಡರೆ ಗುಂಡಿಯ ಕಡೆ ಕೈ ಒಯ್ಯುತ್ತಾನೆ. ಗುಂಡಿಯಿಲ್ಲದವನು ಮೋಡವನ್ನು ನೋಡುತ್ತಾನೆ.

ಹಾಗೆಂದು ಎಲ್ಲ ಬಾಗಿಲುಗಳನ್ನೂ ಮುಚ್ಚಿಬಿಡಿ ಎಂದು ಬೋಧಿಸುವುದು ಕ್ರೌರ್ಯವಾದೀತು. ತಪ್ಪು ತಿದ್ದಿಕೊಳ್ಳುವ ಅವಕಾಶ ಮನುಷ್ಯನಿಗೆ ಇರಲೇಬೇಕು. ಕಷ್ಟದ ಮದುವೆಯಿಂದ ಹೊರಬರುವ ದಾರಿಯನ್ನು ಕಾನೂನು ಇಟ್ಟದ್ದು ಸರಿಯಾಗಿಯೇ ಇದೆ. ಹಾಗಾದರೆ ಗೆರೆ ಎಲ್ಲಿ? ನನಗೆ ತೋಚುವುದು ಇಷ್ಟು: ನಾನು ತೆರೆದಿಟ್ಟುಕೊಂಡ ಬಾಗಿಲಿನ ಖರ್ಚನ್ನು ನಾನೇ ಹೊರುತ್ತಿದ್ದರೆ ಅದು ನನ್ನ ರುಚಿಯ ಪ್ರಶ್ನೆ. ಇನ್ನೊಬ್ಬರು ಹೊರುತ್ತಿದ್ದರೆ ಅದು ನೀತಿಯ ಪ್ರಶ್ನೆ. ಕಾರಿನ ಮಾಡಿನ ವಿಷಯದಲ್ಲಿ ಭಾರ ಹೊರುವುದು ಕಾರು, ಹಣ ಕೊಡುವವನು ಯಜಮಾನ, ಸಿಕ್ಕಿಕೊಂಡರೆ ನೆನೆಯುವವನೂ ಅವನೇ. ಅದರಲ್ಲಿ ಅಧರ್ಮವೇನೂ ಇಲ್ಲ.

ಆದರೆ ನಮ್ಮವರೇ ಇಟ್ಟುಕೊಂಡಿರುವ ಇನ್ನೊಂದು ಮಡಚುವ ಮಾಡಿದೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿ ಎನ್ನದೆ ಹೊರನಾಡಿನಲ್ಲಿರುವ ಎಷ್ಟೋ ಕನ್ನಡಿಗರಿಗೆ ಊರಿನಲ್ಲೊಂದು ಮನೆ, ಇಲ್ಲಿ ಒಂದು ಫ್ಲ್ಯಾಟು. ಊರಿನ ಮನೆಗೆ ಬೀಗ. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಹೋಗಿ ಇರುವುದೂ ಇಲ್ಲ. "ರಿಟೈರ್ ಆದಮೇಲೆ ಊರಿಗೇ" ಎಂಬ ಮಾತು ನಲವತ್ತು ವರ್ಷಗಳಿಂದ ಡಿಕ್ಕಿಯೊಳಗೆ ಮಡಚಿಕೊಂಡು ಕುಳಿತಿದೆ. ಇದರಲ್ಲಿ ನನ್ನದೂ ಪಾಲಿದೆಯೆಂದು ಓದುಗರು ಊಹಿಸಿದರೆ ಬೇಡವೆನ್ನುವುದಿಲ್ಲ. ಊರಿನ ಮನೆಯ ನೆನಪು ಕೊಡುವ ಧೈರ್ಯ ದೊಡ್ಡದು. ಖೋಲಿಯಲ್ಲಿ ಹತ್ತು ಜನ ಮಲಗಿದ ದಿನಗಳಲ್ಲಿ, ನಮಗೂ ಅಂಗಳವಿದೆ, ತೆಂಗಿನ ಮರವಿದೆ ಎಂಬ ಭಾವನೆಯೇ ಎಷ್ಟೋ ಜನರನ್ನು ನೆಟ್ಟಗೆ ನಿಲ್ಲಿಸಿತ್ತು. ಅದನ್ನು ಹಗುರವಾಗಿ ಕಾಣುವವರು ಪರವೂರಿನ ಬದುಕನ್ನು ಕಂಡವರಲ್ಲ.

ಈ ಮಾಡಿನ ಭಾರವನ್ನು ಹೊರುವವರು ಯಾರು? ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಆಳು ಹಿಡಿದು ಹಂಚು ಸರಿಮಾಡಿಸುವ ದಾಯಾದಿ ತಮ್ಮ. ಶುಕ್ರವಾರ ಬೀಗ ತೆಗೆದು ದೇವರ ಕೋಣೆಯಲ್ಲಿ ದೀಪವಿಟ್ಟು ಬರುವ ಅತ್ತಿಗೆ. ಆ ತಮ್ಮನ ಮಗನಿಗೆ ಮದುವೆಯಾಗಿ ಮನೆ ಸಾಲದಾಗಿದೆ. ಪಕ್ಕದಲ್ಲೇ ನಾಲ್ಕು ಕೋಣೆ ಖಾಲಿ ಬಿದ್ದಿವೆ. ಕೇಳುವಂತಿಲ್ಲ, ಅಣ್ಣ ಬಂದರೆ? ಎಲ್ಲಕ್ಕಿಂತ ಮೇಲೆ, ಅಲ್ಲೇ ಉಳಿದ ವಯಸ್ಸಾದ ತಾಯಿ. "ಮುಂದಿನ ವರ್ಷ ಬಂದುಬಿಡುತ್ತೇವೆ ಅಮ್ಮ" ಎಂಬ ಮಾತನ್ನು ಅವಳು ಪ್ರತಿ ಮೇ ತಿಂಗಳಿನಲ್ಲಿ ಕೇಳುತ್ತಾಳೆ. ಬರುವುದಿಲ್ಲವೆಂದು ಒಮ್ಮೆ ಹೇಳಿದ್ದರೆ ಅತ್ತು, ಸಮಾಧಾನ ತಂದುಕೊಂಡು, ಮಗಳ ಮನೆಗೆ ಹೋಗಿರಬಹುದಿತ್ತು. ಬರುತ್ತೇವೆ ಎಂದವರು ಬರಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಮಗನಿಗೆ ತೆರೆದ ಬಾಗಿಲಾಗಿರುವುದು ತಾಯಿಗೆ ಮುಗಿಯದ ಕಾಯುವಿಕೆ. ಅರ್ಧ ಎದ್ದು ನಿಂತ ಮಾಡಿನ ಕೆಳಗೆ ಕೂತವಳು ಅವಳು.

ಜಾರ್ಜ್ ಪೋಲಾಂನ ಕಥೆಯನ್ನು ನಾನು ಅರ್ಧಕ್ಕೆ ಬಿಟ್ಟೆ. ೧೯೪೦ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡರು. ಆತನಿಗೆ ವೃತ್ತಿಯಿತ್ತು, ಹೆಸರಿತ್ತು. ಸುಮ್ಮನಿದ್ದು ಕಾಲ ಹೇಗೆ ತಿರುಗುತ್ತದೆಂದು ನೋಡಿ ಯಾವ ಕಡೆಗೆ ಬೇಕಾದರೂ ವಾಲಿಕೊಳ್ಳಬಹುದಿತ್ತು. ಹಾಗೆ ವಾಲಿಕೊಂಡವರು ಅಲ್ಲಿ ಬೇಕಾದಷ್ಟಿದ್ದರು. ಆತ ಪ್ರತಿರೋಧದ ಚಳವಳಿಗೆ ಸೇರಿ ಬ್ರಿಟಿಷರಿಗಾಗಿ ಗುಪ್ತವಾಗಿ ಕೆಲಸ ಮಾಡಿದ. ಸಿಕ್ಕಿಬಿದ್ದು ೧೯೪೨ರಲ್ಲಿ ಮರಣದಂಡನೆಗೆ ಗುರಿಯಾದ. ಎರಡನ್ನೂ ಕೈಯಲ್ಲಿಟ್ಟುಕೊಳ್ಳುವ ಮಾಡನ್ನು ಲೋಕಕ್ಕೆ ಕೊಟ್ಟವನೇ, ಹಿಂದೆಗೆಯಲು ಬಾರದ ಕಡೆ ಹಾಗೆ ನಿಂತ. ಇದರಿಂದ ಆತನ ಮಾಡಿನ ಬಗ್ಗೆ ಒಳ್ಳೆಯದೂ ಕೆಟ್ಟದ್ದೂ ಸಿದ್ಧವಾಗುವುದಿಲ್ಲ. ಯಾವುದನ್ನು ಮಡಚಬಹುದು, ಯಾವುದನ್ನು ಮಡಚಬಾರದು ಎಂಬ ವಿವೇಕ ಒಬ್ಬನೇ ಮನುಷ್ಯನಲ್ಲಿ ಇರಬಲ್ಲದು ಎಂಬಷ್ಟು ಮಾತ್ರ ನನಗೆ ತಿಳಿಯುತ್ತದೆ.

ಇನ್ನು ಕಾರಿನ ಮಟ್ಟಿಗೆ. ಮುಂಬಯಿಯಂಥ ಊರಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಆಮೇಲೆ ಅಕ್ಟೋಬರಿನ ಬಿಸಿಲು, ಮಾರ್ಚಿನಿಂದ ಸೆಕೆ. ಮಾಡು ತೆರೆದು ಮರೀನ್ ಡ್ರೈವಿನಲ್ಲಿ ಸುಖವಾಗಿ ಹೋಗಬಹುದಾದ ಸಂಜೆಗಳು ಚಳಿಗಾಲದ ಎರಡು ಮೂರು ತಿಂಗಳಲ್ಲಿ ಮುಗಿಯುತ್ತವೆ. ಇಲ್ಲಿ ಎರಡು ಬಗೆಯ ಮಾಡೂ ದಂಡವೇ. ತಣ್ಣನೆಯ ದೇಶದಲ್ಲಿ, ಬೀದಿಯಲ್ಲೇ ಕಾರು ನಿಲ್ಲಿಸಬೇಕಾದವನಿಗೆ, ವರ್ಷವಿಡೀ ಅದೊಂದರಲ್ಲೇ ಕಚೇರಿಗೆ ಹೋಗಬೇಕಾದವನಿಗೆ ತಗಡಿನ ಮಾಡು ತಕ್ಕದ್ದು. ಅವನಿಗೆ ಅದು ಷೋಕಿಯಲ್ಲ. ತಿರುವುಗಳ ಬೆಟ್ಟದ ದಾರಿಯಲ್ಲಿ ಓಡಿಸುವ ಖುಷಿಗೆಂದೇ ಕೊಳ್ಳುವವನು ಬಟ್ಟೆಯದನ್ನು ಕೊಳ್ಳಲಿ. ಇಂದಿನ ಬಟ್ಟೆಯ ಮಾಡುಗಳು ಹಲವು ಪದರಗಳವು, ಗಾಳಿಯ ಗದ್ದಲವನ್ನೂ ಚೆನ್ನಾಗಿಯೇ ತಡೆಯುತ್ತವೆ. ನಾನಾದರೆ ಬಟ್ಟೆ.

ಹಳೆಯ ತಗಡಿನ ಮಾಡಿನ ಕಾರನ್ನೇ ಕೊಳ್ಳುವುದೆಂದು ನಿಶ್ಚಯಿಸಿದವರು ಕೊಳ್ಳುವ ಮುಂಚೆ ಇಂಜಿನ್ ತಣ್ಣಗಿರುವಾಗ ಒಮ್ಮೆ, ಕಾದಮೇಲೆ ಇನ್ನೊಮ್ಮೆ ಮಾಡನ್ನು ಪೂರ್ತಿ ತೆರೆಸಿ ಮುಚ್ಚಿಸಿ ನೋಡಬೇಕು. ಡಿಕ್ಕಿಯ ಹಾಸನ್ನೂ ಕಾಲಿನ ಬಳಿಯ ಹಾಸನ್ನೂ ಎತ್ತಿ ಪಸೆಯಿದೆಯೇ ಎಂದು ಕೈಯಿಂದ ಮುಟ್ಟಬೇಕು. ಮನೆಯ ಗ್ಯಾರೇಜಿನ ಎತ್ತರ ಅಳೆದುಕೊಂಡಿರಬೇಕು, ಡಿ‌ಕ್ಕಿಯ ಮುಚ್ಚಳ ಎದ್ದು ನಿಲ್ಲಲು ಮೇಲೆ ಜಾಗ ಬೇಕಲ್ಲ. ಕೊನೆಗೆ ತಮ್ಮದೇ ಪ್ರಯಾಣದ ಪೆಟ್ಟಿಗೆಯನ್ನು ಜೊತೆಗೆ ಒಯ್ದು, ಮಾಡು ಕೆಳಗಿಳಿದಿರುವಾಗ ಅದನ್ನು ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕಿ ನೋಡಬೇಕು. ಮಾರುವವನು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.